ಅಪ್ಪಟ ಬರ್ಮಾ ಟೀಕು

ಅಮೆರಿಕದ ನೋವೈ ಊರಿನ ನಮ್ಮ ಮನೆಗೆ ಯಾರೇ ಬರಲಿ, ಕುಡಿಯೋಕೆ ನೀರು ಕೊಡೋ ಮುಂಚೆ ಉಯ್ಯಾಲೆ ತೋರಿಸ್ತೀನಿ. ಮೈಸೂರಿಂದ ಹಡಗಲ್ಲಿ ತರಿಸಿದ್ದು, ಅಪ್ಪಟ ಬರ್ಮಾ ಟೀಕು. ನಮ್ಮ ಕಡೆ ಅದಕ್ಕಿಂತ ದೊಡ್ಡ ಜಂಬ ಬೇರೆ ಇದೆಯಾ?

ಈ ಸಲ ನವರಾತ್ರಿ ಗೊಂಬೆ ನೋಡೋಕೆ ಆಫೀಸಿನ ಪೋವಾಳನ್ನೂ ಕರೆದಿದ್ದೆ. ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ. ಬರ್ಮಾದವಳು ಅಂತ ಗೊತ್ತಿತ್ತು, ಹಾಗಾಗಿ ನನಗೆ ಇನ್ನಷ್ಟು ಹುರುಪು. "ನಿಮ್ಮ ದೇಶದ್ದೇ ಮರ, ಕೂತ್ಕೋ" ಅಂದೆ.

ಅವಳು ಕೂತು ಕಣ್ಣು ಮುಚ್ಚಿದಳು. ಉಯ್ಯಾಲೆ ಮೆಲ್ಲಗೆ ತೂಗತೊಡಗಿತು. ಕಿಟಕಿಯಾಚೆ ಮೇಪಲ್ ಎಲೆಗಳೂ ಅದೇ ಲಯದಲ್ಲಿ ಇಳಿಯುತ್ತಿದ್ದವು.

"ನಾನು ಬೆಳೆದದ್ದು ಥಾಯ್ಲೆಂಡ್ ಗಡಿಯಲ್ಲಿ, ನಿರಾಶ್ರಿತರ ಕ್ಯಾಂಪಲ್ಲಿ," ಅಂದಳು, ನಿದ್ದೆಯಲ್ಲಿ ಮಾತಾಡುವವಳ ಹಾಗೆ. "ಮರದ ದಿಮ್ಮಿ ಹೊತ್ತ ಲಾರಿ ಬಂದರೆ ಗಡಿಯ ಗೇಟು ತೆಗೆಯೋರು. ಬರ್ಮಾ ಸೈನ್ಯಕ್ಕೆ ಹೆದರಿ ನಮ್ಮವರು ಓಡಿ ಬಂದರೆ ಮುಚ್ಚೋರು. ಎರಡೂ ದೇಶದವರಿಗೆ ಮರದ ವ್ಯಾಪಾರ ಕುದುರಿದ ಮೇಲಂತೂ, ಅಲ್ಲೀಗ ಶಾಂತಿಯಿದೆ ಹೋಗಿ ಅಂತ ಎಷ್ಟೋ ಜನರನ್ನ ವಾಪಸ್ ಕಳಿಸಿದರು. ನಮ್ಮಜ್ಜಿಯನ್ನೂ."

"ಅಜ್ಜಿ ಈಗ ಎಲ್ಲಿದ್ದಾರೆ?"

ಅವಳು ಹಲಗೆಯನ್ನು ಒಮ್ಮೆ ಸವರಿದಳು. "ಚೆನ್ನಾಗಿ ತೂಗುತ್ತೆ," ಅಂದಳು, ಅಷ್ಟೇ.

ಕುಂಕುಮ ಇಟ್ಟು, ಉಸ್ಲಿ ಕೊಟ್ಟು ಕಳಿಸಿ ಬಂದರೆ ಖಾಲಿ ಉಯ್ಯಾಲೆ ಇನ್ನೂ ತೂಗುತ್ತಲೇ ಇತ್ತು. ಮೈಸೂರಿನ ಅಂಗಡಿಯವನು ನನಗೆ ಟೋಪಿ ಹಾಕಿ ಯಾವುದೋ ಲೋಕಲ್ ಮರ ಕೊಟ್ಟಿರಲಪ್ಪಾ ಅಂತ ಗೊಂಬೆಗಳ ಮುಂದೆ ನಿಂತು ಕೈ ಮುಗಿದೆ.