ಬೆಲ್ಟಿನ ಫಿರ್ಮೆನ್

ಸ್ತಾವ್ಲೋ ಊರಿನ ಫಿರ್ಮೆನ್ ಗಾಸ್ಪಾರ್ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಸೀಟು ಹೊಲಿಯುವ ಕೆಲಸ. ಅಪ್ಪ ಬಂಡಿ ಎಳೆಯುವ ಕುದುರೆಗಳಿಗೆ ಚರ್ಮದ ಪಟ್ಟಿ ಹೊಲಿದವನು. ಕುದುರೆಗಳು ಹೋದ ಮೇಲೆ ಮಗ ಅದೇ ಅಂಗಡಿಯಲ್ಲಿ, ಅದೇ ದಬ್ಬಣ ಹಿಡಿದು ಕಾರಿನ ಸೀಟು, ಹೋಟೆಲಿನ ಕುರ್ಚಿ, ಚರ್ಚಿನಲ್ಲಿ ಮಂಡಿಯೂರುವ ಮೆತ್ತೆ, ಸಿಕ್ಕಿದ್ದೆಲ್ಲ ಹೊಲಿದ. ಆದರೂ ಊರವರು ಅವನನ್ನು ಸೀಟಿನ ಫಿರ್ಮೆನ್ ಎಂದವರಲ್ಲ. ಬೆಲ್ಟಿನ ಫಿರ್ಮೆನ್ ಎಂದೇ ಕರೆದರು. ಅದಕ್ಕೆ ಕಾರಣ ಅರ್ಮಾನ್.

ಅರ್ಮಾನ್ ಅವನ ಬಾಲ್ಯದ ಗೆಳೆಯ. ಊರಂಚಿನಲ್ಲೊಂದು ಗ್ಯಾರೇಜು, ತಲೆ ತುಂಬ ರೇಸಿನ ಹುಚ್ಚು. ವಸಂತದಿಂದ ಎಲೆ ಉದುರುವ ಕಾಲದವರೆಗೆ ಯೂರೋಪಿನ ಊರೂರು ಸುತ್ತುವ ದೀರ್ಘ ಓಟದ ಸರಣಿಗೆ ಅವನೂ ಒಂದು ಕಾರು ಕಟ್ಟಿಕೊಂಡು ಹೊರಡುತ್ತಿದ್ದ. ಅಲ್ಲಿ ಒಂದೊಂದು ಓಟವೂ ಗಂಟೆಗಟ್ಟಲೆ. ಒಂದೇ ಕಾರು, ಮೂವರು ಸರದಿಯ ಮೇಲೆ ಓಡಿಸಬೇಕು. ನಡುವೆ ಕಾರು ಓಟದ ದಾರಿ ಬಿಟ್ಟು ತಂಡದವರು ನಿಂತ ಜಾಗಕ್ಕೆ ಒಳಗೆ ಬಂದಾಗ ಒಬ್ಬರು ಇಳಿದು ಇನ್ನೊಬ್ಬರು ಹತ್ತುತ್ತಾರೆ. ಹತ್ತಿದವರನ್ನು ಸೀಟಿಗೆ ಬಿಗಿದು ಕಟ್ಟಲು ಹೊರಗಿನಿಂದ ಒಬ್ಬ ಬಗ್ಗಬೇಕು. ಭುಜದ ಪಟ್ಟಿ, ಸೊಂಟದ ಪಟ್ಟಿ, ತೊಡೆಸಂದಿನ ಪಟ್ಟಿ ಎಲ್ಲವೂ ಹೊಟ್ಟೆಯ ಮೇಲಿನ ಒಂದೇ ಗುಂಡು ಬೀಗಕ್ಕೆ ಬಂದು ಕೂರಬೇಕು. ಒಳಗೆ ಕಿಷ್ಕಿಂಧೆಯಂಥ ಜಾಗ, ಕಣ್ಣಿಗೆ ಏನೂ ಕಾಣುವುದಿಲ್ಲ, ಎಲ್ಲ ಬೆರಳಿನ ಲೆಕ್ಕ. ಮುಗಿದ ಮೇಲೆ ಹೆಲ್ಮೆಟಿನ ಮೇಲೆ ಎರಡು ಸಲ ತಟ್ಟಬೇಕು. ಆ ತಟ್ಟು ಬೀಳುವವರೆಗೆ ಕಾರು ಕದಲುವ ಹಾಗಿಲ್ಲ. ಅರ್ಮಾನನ ಕಾರಿನಲ್ಲಿ ಆ ಕೆಲಸ ಮೊದಲ ದಿನದಿಂದಲೂ ಫಿರ್ಮೆನ್‌ನದೇ.

ಈಗ ಆ ಕಾರು ಓಡಿಸುವ ಮೂವರಲ್ಲಿ ಅರ್ಮಾನನ ಮಗಳು ಮೈತೆಯೂ ಒಬ್ಬಳು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದಳು. ಶಾಲೆ ಬಿಟ್ಟರೆ ಫಿರ್ಮೆನ್‌ನ ಅಂಗಡಿಗೆ ಬಂದು ಚರ್ಮದ ಚೂರುಗಳ ಮೇಲೆ ಮಲಗಿ ನಿದ್ದೆ ಹೋಗುತ್ತಿದ್ದ ಹುಡುಗಿ. ಫಿರ್ಮೆನ್, ಜೋಸೆಟ್ ದಂಪತಿಗೆ ಮಕ್ಕಳಿರಲಿಲ್ಲ. ಮೈತೆ ಅವರನ್ನು ಮಾಮ, ಅತ್ತೆ ಅನ್ನುತ್ತಿದ್ದಳು, ಅವರಿಗೆ ಅಷ್ಟು ಸಾಕಿತ್ತು.

ಆ ವರ್ಷ ಅರ್ಮಾನ್ ಮೊದಲೇ ಹೇಳಿಬಿಟ್ಟಿದ್ದ, ವಯಸ್ಸಾಯಿತು, ಇದೇ ಕೊನೆ ಎಂದು. ಸರಣಿ ಗೆದ್ದರೆ ಮಾತ್ರ ಮುಂದಿನ ಜೂನ್‌ನಲ್ಲಿ ಲ ಮಾನ್‌ನ ದೊಡ್ಡ ಓಟಕ್ಕೆ ಕರೆ ಬರುತ್ತದೆ, ಅದೊಂದು ಓಡಿ ಬಾಗಿಲು ಹಾಕುವುದು, ಸೋತರೆ ಈಗಲೇ ಹಾಕುವುದು. ಬದುಕಿಡೀ ಅವನು ಬೇಡಿದ್ದು ಅದೊಂದನ್ನೇ.

ಆ ವರ್ಷದ ಓಟಗಳು ಶುರುವಾಗುವ ಮುಂಚಿನ ಚಳಿಗಾಲದಲ್ಲಿ ಫಿರ್ಮೆನ್‌ನ ಬೆರಳುಗಳು ಕೈಕೊಟ್ಟವು. ಒಂದು ಮಧ್ಯಾಹ್ನ ಬಿಳಿ ಚರ್ಮ ಹೊಲಿಯುತ್ತಿದ್ದಾಗ ಅದರ ಮೇಲೆ ರಕ್ತ ಕಂಡಿತು. ಯಾರ ರಕ್ತ ಎಂದು ನೋಡಿದರೆ ದಬ್ಬಣ ಅವನ ಹೆಬ್ಬೆರಳಲ್ಲೇ ನಾಟಿಕೊಂಡಿತ್ತು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ನರ ಸತ್ತಿದೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ ಎಂದರು. ಜೋಸೆಟ್ ಅಂದಿನಿಂದ ಅವನಿಗೆ ಪ್ರಾಣವಾಗಿದ್ದ ಅಕ್ಕಿ ಟಾರ್ಟ್ ಎಂಬ ಸಿಹಿಯನ್ನು ಬೀರುವಿಗೆ ಹಾಕಿ ಬೀಗ ಜಡಿದಳು.

"ಅರ್ಮಾನ್‌ಗೆ ಹೇಳ್ಬಿಡು," ಅಂದಳು.

"ಏನಂತ? ಬೆಲ್ಟು ಕಟ್ಟೋ ಬೆರಳಿಗೆ ಜೀವ ಇಲ್ಲ ಅಂತಲಾ?"

"ಹೂಂ, ಹಾಗೇ ಹೇಳು."

"ಸುಮ್ನಿರೇ. ಈ ಕೆಲಸ ನಿದ್ದೇಲಿ ಬೇಕಾದ್ರೂ ಮಾಡ್ತೀನಿ."

"ನೀನು ನಿದ್ದೇಲೇ ಮಾಡ್ತೀಯಪ್ಪ. ಆ ಹುಡುಗಿ ಎದ್ದಿರ್ತಾಳಲ್ಲ, ಗೋಡೆ ಪಕ್ಕ ಇನ್ನೂರೈವತ್ತರ ಸ್ಪೀಡಲ್ಲಿ ಹೋಗ್ತಿರ್ತಾಳಲ್ಲ."

"ಈ ಒಂದು ವರ್ಷ. ಪೋರ್ತಿಮಾವೋದಲ್ಲಿ ಕೊನೆ ಓಟ ಮುಗೀಲಿ, ನಾನೇ ಹೇಳ್ತೀನಿ."

ಹೇಳಬೇಕಿತ್ತು. ಅವನ ಮೇಲೆ ಸಿಟ್ಟು ಬರುವುದು ಇಲ್ಲಿಯೇ. ಸೊಕ್ಕಿನ ಮನುಷ್ಯನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇವನಿಗೆ ಸೊಕ್ಕು ಇರಲಿಲ್ಲ, ಇದ್ದದ್ದು ಆಸೆ. ಮೈತೆಯನ್ನು ಲ ಮಾನ್‌ನಲ್ಲಿ ತಾನೇ ಸೀಟಿಗೆ ಕಟ್ಟಿ ಕಳಿಸಬೇಕು ಎಂಬ ಆಸೆ. ಬೆರಳಿಲ್ಲದ ಬೆಲ್ಟಿನವನನ್ನು ಯಾವ ತಂಡ ಕರೆದುಕೊಂಡು ಹೋದೀತು?

ಉಪಾಯವನ್ನೇನೋ ಹುಡುಕಿಕೊಂಡ. ಪಟ್ಟಿಯನ್ನು ಬೀಗಕ್ಕೆ ತಳ್ಳಿದ ಮೇಲೆ ಒಂದೊಂದನ್ನೂ ರಟ್ಟೆ ಹಾಕಿ ಎಳೆಯುವುದು. ಬೆರಳಿಗೆ ತಿಳಿಯದ್ದು ಭುಜಕ್ಕೆ ತಿಳಿಯುತ್ತಿತ್ತು. ಬಾರ್ಸಿಲೋನಾದಲ್ಲಿ ಗೆದ್ದರು. ಇಮೋಲಾದಲ್ಲಿ ಮೂರನೆಯವರಾದರು. ಅರ್ಮಾನ್ ಆಗಲೇ ಲ ಮಾನ್‌ನಲ್ಲಿ ಉಳಿದುಕೊಳ್ಳಲು ಮನೆ ವಿಚಾರಿಸುತ್ತಿದ್ದ. ಮುಂದಿನದು ಸ್ತಾವ್ಲೋ ಪಕ್ಕದ ಸ್ಪಾದಲ್ಲಿ, ಅವರ ಮನೆಯಂಗಳದ ಓಟ, ಅರ್ಧ ಸ್ತಾವ್ಲೋ ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಹಿಡಿದು ದಿಬ್ಬದ ಮೇಲೆ ಕೂತಿತ್ತು. ಎರಡನೆಯವರಾಗಿ ಬಂದರು. ಕಾರಿನಿಂದಿಳಿದ ಮೈತೆ ಎಲ್ಲರೆದುರೇ ಅವನ ಟೊಪ್ಪಿ ಎಳೆದಳು.

"ಏನ್ ಮಾಮ, ಬಿಯರ್ ಏರಿಸ್ಕೊಂಡು ಕಟ್ಟಿದ್ಯಾ? ಎಡಭುಜದ್ದು ಆಡ್ತಿತ್ತು. ಕೊನೇಗೆ ನಾನೇ ಎಳ್ಕೊಂಡೆ."

ಎಲ್ಲರೂ ನಕ್ಕರು. ಫಿರ್ಮೆನ್ ಕೂಡ ನಕ್ಕ. ಆಮೇಲೆ ಲಾರಿಯ ಹಿಂದೆ ಹೋಗಿ ಹೆಬ್ಬೆರಳನ್ನು ಕಚ್ಚಿ ನೋಡಿದ, ನೋಯಲಿಲ್ಲ. ಅವತ್ತಾದರೂ ಬಾಯಿ ಬಿಡಬಹುದಿತ್ತು. ಆದರೆ ಸರಣಿಯ ಅಂಕಗಳಲ್ಲಿ ಅವರ ತಂಡವೇ ಮೊದಲಿತ್ತು, ಉಳಿದದ್ದು ಒಂದೇ ಓಟ.

ಪೋರ್ತಿಮಾವೋದಲ್ಲಿ ಬಿಸಿಲು, ಸಮುದ್ರದ ಕಡೆಯಿಂದ ಗಾಳಿ. ಕೊನೆಯ ಸರದಿ ಮೈತೆಯದು. ಕಾರು ಒಳಗೆ ಬಂದಾಗ ಇವರೇ ಮುಂದಿದ್ದರು. ಇಟಲಿಯ ತಂಡವೊಂದು ಬೆನ್ನಿಗಂಟಿಕೊಂಡು ಬರುತ್ತಿತ್ತು. ಒಂದು ಕಡೆ ಪೆಟ್ರೋಲಿನ ಕೊಳವೆ ಹಾಕಿದರು, ಇನ್ನೊಂದು ಕಡೆ ಮೈತೆ ಒಳಗೆ ಜಾರಿ ಕೂತಳು, ಫಿರ್ಮೆನ್ ಬಗ್ಗಿದ. ಸೊಂಟದ್ದಾಯಿತು, ಬಲಭುಜದ್ದಾಯಿತು. ಎಡದ್ದನ್ನು ತಳ್ಳಿ ಎಳೆದ. ಗಟ್ಟಿಯಾಗಿಯೇ ಇತ್ತೇನೋ. ಆದರೆ ಸ್ಪಾದಲ್ಲೂ ಹೀಗೇ ಅನಿಸಿತ್ತಲ್ಲ. ಇನ್ನೊಮ್ಮೆ ಎಳೆದ. ನಂಬಿಕೆ ಬರಲಿಲ್ಲ.

ಆಗ ಅವನು ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತು ಬರಿಗೈಯನ್ನು ಒಳಗೆ ತೂರಿಸಿದ.

ಪೆಟ್ರೋಲು ಹಾಕುವ ಹೊತ್ತಿನಲ್ಲಿ ಕಾರಿನ ಹತ್ತಿರ ಯಾರೊಬ್ಬರ ಚರ್ಮವೂ ಕಾಣುವ ಹಾಗಿಲ್ಲ. ಬೆಂಕಿಯ ಭಯಕ್ಕೆ ಮಾಡಿದ ನಿಯಮ, ರೇಸಿನವರಲ್ಲಿ ಅದನ್ನು ಅರಿಯದವರಿಲ್ಲ. ಅಂಗಿಯ ತೋಳು ಮಡಿಚಿಕೊಂಡು ಬಂದ ಎಷ್ಟೋ ಮಂದಿಗೆ ಫಿರ್ಮೆನ್ ತಾನೇ ಉಗಿದಿದ್ದ. ಆ ಗಳಿಗೆಯಲ್ಲಿ ಅವನಿಗೆ ನಿಯಮವೂ ನೆನಪಿರಲಿಲ್ಲ, ಗೆಲ್ಲಬೇಕಿದ್ದ ಕಪ್ಪೂ ನೆನಪಿರಲಿಲ್ಲ. ಬರಿಗೈಯಲ್ಲಿ ಬೀಗವನ್ನು ಸವರಿದ. ಏನೂ ತಿಳಿಯಲಿಲ್ಲ. ಮರದ ತುಂಡಿನಿಂದ ಸವರಿದಂತಿತ್ತು. ಕೊನೆಗೆ ತಲೆಯನ್ನೇ ಒಳಗೆ ತುರುಕಿ, ಕತ್ತು ತಿರುಚಿ ಕಣ್ಣಿನಿಂದ ನೋಡಿದ. ಬೀಗ ಕೂತಿತ್ತು. ಮೊದಲೇ ಕೂತಿತ್ತು. ಹೆಲ್ಮೆಟಿನ ಮೇಲೆ ಎರಡು ಸಲ ತಟ್ಟಿದ, ಕಾರು ಹೋಯಿತು. ತಿರುಗಿ ನೋಡಿದರೆ ಓಟದ ಅಧಿಕಾರಿಯೊಬ್ಬ ಅವನ ಕೈಯನ್ನೇ ನೋಡುತ್ತ ರೇಡಿಯೋದಲ್ಲಿ ಮಾತಾಡುತ್ತಿದ್ದ.

ಶಿಕ್ಷೆ ಬಂತು. ಓಟದ ನಡುವೆ ಮೈತೆ ಮತ್ತೊಮ್ಮೆ ಒಳಗೆ ಬಂದು, ಎಲ್ಲ ತಂಡಗಳ ಮುಂದೆ ಆಮೆಯ ಹಾಗೆ ತೆವಳಿಕೊಂಡು ಹೊರಗೆ ಹೋಗಬೇಕಾಯಿತು. ಅಷ್ಟರಲ್ಲಿ ಇಟಲಿಯವರು ದಾಟಿಬಿಟ್ಟರು. ಓಟವೂ ಅವರದಾಯಿತು, ಸರಣಿಯೂ ಅವರದಾಯಿತು.

ಸಂಜೆ ಓಟದ ಬಯಲಿನಲ್ಲಿ ತಂಡಕ್ಕೆ ಕೊಟ್ಟಿದ್ದ ಗ್ಯಾರೇಜಿನಲ್ಲಿ ಅರ್ಮಾನ್ ಮಡಚುವ ಕುರ್ಚಿಯಲ್ಲಿ ಕೂತಿದ್ದ. ಫಿರ್ಮೆನ್ ಟಯರುಗಳ ಮೇಲೆ ಕೂತಿದ್ದ. ಮೈತೆ ಪಕ್ಕದಲ್ಲಿ ಕೂತು ಅವನ ಭುಜದ ಸುತ್ತ ತೋಳು ಹಾಕಿಕೊಂಡಿದ್ದಳು. ಸೋತವಳೇ ಸಮಾಧಾನ ಮಾಡುತ್ತಿದ್ದಳು.

"ಹೋಗ್ಲಿ ಬಿಡು ಮಾಮ. ಒಂದು ಕಪ್ಪು ತಾನೆ."

"ಗ್ಲೌಸ್ ಯಾಕೋ ತೆಗ್ದೆ?" ಅಂದ ಅರ್ಮಾನ್. "ಊರಿಗೆಲ್ಲ ಬುದ್ಧಿ ಹೇಳೋನು ನೀನು."

"ಬೀಗ ಕೂತಿದ್ದು ಗೊತ್ತಾಗ್ಲಿಲ್ಲ."

"ಗೊತ್ತಾಗ್ಲಿಲ್ಲ ಅಂದ್ರೆ ಏನೋ?"

"ಬೆರಳಿಗೆ ಗೊತ್ತಾಗಲ್ಲ ಅರ್ಮಾನ್. ಏನ್ ಮುಟ್ಟಿದ್ರೂ ಗೊತ್ತಾಗಲ್ಲ. ಚಳಿಗಾಲದಿಂದ."

ಹೊರಗೆ ಇಟಲಿಯವರ ಹಾಡು ಕೇಳುತ್ತಿತ್ತು.

"ಸ್ಪಾದಲ್ಲೂ?" ಎಂದು ಕೇಳಿದಳು ಮೈತೆ.

"ಸ್ಪಾದಲ್ಲೂ."

ಅವಳ ತೋಳು ಅವನ ಭುಜದ ಮೇಲೇ ಇತ್ತು. ಮುಖ ಒರೆಸಿಕೊಳ್ಳಲು ತೆಗೆದಳು, ಮತ್ತೆ ಇಡಲಿಲ್ಲ.

"ನಾನು ಕಣ್ಣು ಮುಚ್ಕೊಂಡು ಕೂರ್ತಿದ್ದೆ ಮಾಮ," ಅಂದಳು. "ನೀನು ಕಟ್ಟೋವಾಗ. ಅದೊಂದೇ ಹೊತ್ತು ನನಗೆ ಆರಾಮ ಅನ್ನಿಸ್ತಿದ್ದಿದ್ದು. ನೀನು ತಟ್ಟೋವರೆಗೆ ಕಣ್ಣೇ ಬಿಡ್ತಿರ್ಲಿಲ್ಲ."

ಅರ್ಮಾನ್ ಎದ್ದು ಬಂದು ಅವನೆದುರು ನಿಂತ. ಹೊಡೆಯುತ್ತಾನೆ ಅಂದುಕೊಂಡ ಫಿರ್ಮೆನ್, ಹೊಡೆಯಲಿ ಎಂದೂ ಅಂದುಕೊಂಡ.

"ಲ ಮಾನ್ ಹಾಳಾಗ್ಲಿ," ಅಂದ ಅರ್ಮಾನ್. "ನನಗಿರೋದು ಇವಳೊಬ್ಳು ಕಣೋ." ಅಷ್ಟೇ ಹೇಳಿ ಹೊರಗೆ ಹೋದ.

ಜಗಳವೇನೂ ಆಗಲಿಲ್ಲ. ಊರಲ್ಲಿ ಬ್ರೆಡ್ಡಿನ ಅಂಗಡಿಯ ಮುಂದೆ ಸಿಕ್ಕರೆ ಅರ್ಮಾನ್ ಈಗಲೂ ನಿಂತು ಆರೋಗ್ಯ ವಿಚಾರಿಸುತ್ತಾನೆ. ಗ್ಯಾರೇಜಿಗೆ ಬಾ ಎಂದು ಮಾತ್ರ ಕರೆಯುವುದಿಲ್ಲ. ಬೈದು ಅತ್ತು ಮುಗಿಸಿದ್ದರೆ ಫಿರ್ಮೆನ್‌ಗೆ ಬದುಕು ಹಗುರವಾಗುತ್ತಿತ್ತು.

ಮರುವರ್ಷ ಮೈತೆಗೆ ಜರ್ಮನಿಯ ತಂಡವೊಂದರಲ್ಲಿ ಜಾಗ ಸಿಕ್ಕಿತು. ಹೊರಡುವ ಮೊದಲು ಹೇಳಿಹೋಗಲು ಬಂದಳು. ಜೋಸೆಟ್‌ಳನ್ನು ತಬ್ಬಿಕೊಂಡಳು, ಫಿರ್ಮೆನ್‌ನ ಕೆನ್ನೆಗೆ ಮುತ್ತಿಟ್ಟಳು, ಕಾಫಿ ಕುಡಿದಳು. ಏಳುವ ಹೊತ್ತಿಗೆ ಅವನು ಕೇಳಿಯೇಬಿಟ್ಟ.

"ಅಲ್ಲಿ ಬೆಲ್ಟು ಯಾರು ಕಟ್ತಾರೆ?"

"ಒಬ್ರಿದ್ದಾರೆ ಮಾಮ, ಒಳ್ಳೆಯವ್ರು." ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತ ತಲೆ ತಗ್ಗಿಸಿಕೊಂಡಳು. "ಆದ್ರೂ ಈಗ ನಾನೇ ಒಂದ್ಸಲ ಎಳ್ದು ನೋಡ್ಕೋತೀನಿ."

"ಒಳ್ಳೇದು ಮಗಳೇ," ಅಂದ ಫಿರ್ಮೆನ್. "ಹಾಗೇ ಮಾಡು. ಯಾರನ್ನೂ ನಂಬಬೇಡ."