ಬೀಗರೂಟ ಗೊತ್ತಿಲ್ಲದ ಬಿಲ್ಲು

ಡಿಪ್ಲೊಮಾದ ಕೊನೆಯ ವರ್ಷ ನಾನು ಬರೆದ ಪ್ರೋಗ್ರಾಮಿಗೆ ಒಳ್ಳೆಯ ಅಂಕ ಬಂತು. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಯ ಲೆಕ್ಕ ಅದು. ಯಾವ ಸಾಮಾನು ಯಾವತ್ತು ಹೋಯಿತು, ಯಾವತ್ತು ಬಂತು, ಬಾಡಿಗೆ ಎಷ್ಟು ಎಂದು ಬಿಲ್ಲು ಹೊಡೆಯುತ್ತಿತ್ತು. ಎಲ್ಲರ ಪ್ರಾಜೆಕ್ಟು ವರದಿಗಳ ಜೊತೆ ನನ್ನದೂ ರಟ್ಟು ಹಾಕಿಸಿಕೊಂಡು ಕಾಲೇಜಿನ ಬೀರು ಸೇರಿತು. ಆದರೆ ಫ್ಲಾಪಿ ನನ್ನ ಹತ್ತಿರವೇ ಇತ್ತು. ೧೯೯೬ರ ಮೊದಲ ದಿನ ಡೈರಿಯಲ್ಲಿ ಬರೆದುಕೊಂಡೆ: ಇದನ್ನು ಮಾರುತ್ತೇನೆ, ನನ್ನ ಹೆಸರಿನಲ್ಲಿ, ಎಷ್ಟು ಅಂಗಡಿ ಕೊಂಡರೆ ಅಷ್ಟಕ್ಕೆ.

ಮೊದಲು ಅಡ್ಡ ಬಂದವರು ಪಾಂಡವಪುರದ ಕಂಪ್ಯೂಟರ್ ಸೆಂಟರಿನ ಮಾಲೀಕರು. ಬೆಳಿಗ್ಗೆ ಹೊಸ ಹುಡುಗರಿಗೆ ನಾನು ಪಾಠ ಮಾಡುತ್ತಿದ್ದೆ, ಅದಕ್ಕೆ ಬದಲಾಗಿ ಮಧ್ಯಾಹ್ನ ಅವರ ಮಿಷನ್ನಿನಲ್ಲಿ ನನ್ನ ಪ್ರೋಗ್ರಾಮು ಬರೆಯುತ್ತಿದ್ದೆ.

"ನಮ್ ಮಿಷನ್ನಲ್ಲಿ ಬರ್ದಿದ್ದು ಅಂದ್ಮೇಲೆ ಅದು ನಮ್ದೇ ಅಲ್ವೇನಮ್ಮ? ಸೆಂಟರ್ ಹೆಸ್ರಾಕು. ನಿಂಗೊಂದು ಸರ್ಟಿಫಿಕೇಟ್ ಕೊಡ್ತೀನಿ."

"ಮಿಷನ್ನಿನ ಬಾಕಿ ಬೆಳಿಗ್ಗೆ ಪಾಠದಲ್ಲೇ ತೀರ್ಸಿದೀನಿ ಸಾರ್."

"ಬಡಗಿ ಮಗ್ಳು ಫ್ಲಾಪಿ ಇಡ್ಕಂಡು ಅಂಗ್ಡಿ ಅಂಗ್ಡಿ ತಿರುಗಿದ್ರೆ ಯಾರ್ ತಗೋತಾರೆ? ನೋಡೇಬುಡಣ."

"ನೋಡಿ ಸಾರ್," ಎಂದೆ. ಮಾರನೆಯ ದಿನದಿಂದ ಅಲ್ಲಿಗೆ ಕಾಲಿಡಲಿಲ್ಲ.

ಪಾಂಡವಪುರದಲ್ಲಿ ಎರಡು ಅಂಗಡಿ, ಶ್ರೀರಂಗಪಟ್ಟಣದಲ್ಲಿ ಒಂದು, ಮೂರೂ ಕಡೆ ಬೇಡ ಅಂದರು. ನಾಗಮಂಗಲದ ಇನ್ನೊಂದು ಅಂಗಡಿಗೆ ಬಾಗಿಲು ಮಾಡಿಕೊಟ್ಟಿದ್ದವರು ನಮ್ಮಪ್ಪ. ಆ ಗುರುತಿನ ಮೇಲೆ ಅಲ್ಲಿಗೆ ಹೋದೆ. ಯಜಮಾನರಿಗೆ ಅಳಿಯ ತಂದುಕೊಟ್ಟ ಹಳೆಯ ಕಂಪ್ಯೂಟರು ಆಯುಧಪೂಜೆಯ ಕುಂಕುಮ ಹಚ್ಚಿಕೊಂಡು ಬಟ್ಟೆ ಹೊದ್ದು ಕೂತಿತ್ತು. ಮದುವೆ ಕಾಲ ಮುಗಿಯುವ ತನಕ ನಡೆಸಿ ನೋಡುತ್ತೇನೆ, ಸರಿಹೋದರೆ ನೀನು ಹೇಳಿದ ಬೆಲೆ ಕೊಡುತ್ತೇನೆ ಅಂದರು. ವಾರಕ್ಕೆರಡು ಸಲ ಬಸ್ಸು ಹಿಡಿದು ಹೋಗಿ ನೋಡಿಕೊಂಡು ಬರುತ್ತಿದ್ದೆ.

ಮೇ ಕೊನೆಯಲ್ಲಿ ನಾನು ಅಂಗಡಿಯಲ್ಲಿದ್ದಾಗಲೇ ಹೊಣಕೆರೆ ಕಡೆಯ ರೈತರೊಬ್ಬರು ಬಿಲ್ಲು ಹಿಡಿದು ಬಂದರು. ಮಗಳ ಮದುವೆ ಮನೆ ಮುಂದೆಯೇ ಚಪ್ಪರ ಹಾಕಿ ಮಾಡಿದ್ದರು. ಮದುವೆ ಭಾನುವಾರ, ಬೀಗರಿಗೆ ಬಾಡೂಟ ಗುರುವಾರ. ತಟ್ಟೆ, ಬಕೆಟ್ಟು, ಟೇಬಲ್ಲು ಅಷ್ಟೂ ದಿನ ಅವರ ಮನೆಯಲ್ಲೇ ಇದ್ದವು.

"ಏನ್ಲಾ ಇದು, ಐದ್ ದಿನದ ಬಾಡಿಗೆ? ನಡುವೆ ನಿನ್ ತಟ್ಟೆ ನಮ್ ಜಗಲಿ ಮೇಲೆ ಮಲಗಿದ್ವು ಕಣ್ಲಾ. ಮಲಗಿದ್ದಕ್ಕೂ ದುಡ್ಡಾ?"

"ನಾನಲ್ಲ ಕಣ್ಲಾ, ಕಂಪೂಟ್ರು ಏಳ್ತಾದೆ," ಎಂದರು ಯಜಮಾನರು.

"ನಿನ್ ಕಂಪೂಟ್ರು ಯಾವತ್ತಾರಾ ಬೀಗರೂಟ ಉಂಡದಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಬಿಲ್ಲು ಇಸಿದುಕೊಂಡು ನೋಡಿದೆ. ಕೂಡಿ ಕಳೆದ ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪಿರಲಿಲ್ಲ. ತಪ್ಪಿದ್ದು ಅದಕ್ಕೂ ಮೊದಲು. ನಮ್ಮ ಕಡೆ ಮದುವೆಗೆ ಸಾಮಾನು ಕೊಡುವುದೆಂದರೆ ಬೀಗರೂಟ ಮುಗಿಯುವ ತನಕ ಎಂದೇ ಅರ್ಥ. ಬಾಡಿಗೆ ಕಾರ್ಯಕ್ಕೆ, ದಿನಕ್ಕಲ್ಲ. ಎಷ್ಟೋ ಬೀಗರೂಟ ಉಂಡ ನಾನೇ, ತಾರೀಖು ಎಣಿಸುವ ಅಭ್ಯಾಸದಲ್ಲಿ, ಬರೀ ತಾರೀಖು ಕೇಳುವ ಪ್ರೋಗ್ರಾಮು ಬರೆದಿದ್ದೆ. ಮುಂಚಿನ ಬಿಲ್ಲುಗಳೆಲ್ಲ ಒಂದು ದಿನದ ಛತ್ರದ ಮದುವೆಗಳದ್ದು, ಹಾಗಾಗಿ ಗೊತ್ತಾಗಿರಲಿಲ್ಲ.

ರೈತರು ಹಳೆಯ ರೂಢಿಯಂತೆ ದುಡ್ಡು ಕೊಟ್ಟು ಹೋದರು. ಯಜಮಾನರು ಮಿಷನ್ನಿಗೆ ಬಟ್ಟೆ ಹೊದಿಸಿದರು.

"ಸಾಕು ಕಣವ್ವ. ನಾಕ್ ಜನದ ಮುಂದೆ ಮರ್ವಾದೆ ಓಯ್ತು. ಎತ್ಕಂಡೋಗು."

"ಆಷಾಢ ಕಳೀಲಿ ಯಜಮಾನ್ರೆ. ಶ್ರಾವಣದ ಮೊದಲ್ನೇ ಮದುವೆಗೆ ತಿದ್ದಿ ಇಡ್ಕಂಡ್ ಬತ್ತೀನಿ. ಆಗ್ಲೂ ತಪ್ಪಿದ್ರೆ ನಾನೇ ಎತ್ಕಂಡೋಗ್ತೀನಿ."

"ಅಠ ಅಂದ್ರೆ ಅಠ ಇವ್ಳ್ದು," ಎಂದರು. ಬೇಡ ಅನ್ನಲಿಲ್ಲ.

ವಿಷಯ ಸೆಂಟರಿಗೂ ಮುಟ್ಟಿತ್ತು. ದಾರಿಯಲ್ಲಿ ಸಿಕ್ಕ ಮಾಲೀಕರು, ಕಂಪ್ಯೂಟರು ಸರಿಯಾಗಿಯೇ ಲೆಕ್ಕ ಹಾಕಿದೆ, ಜನ ಕಲಿಯಬೇಕು, ಈಗಲಾದರೂ ನಮಗೆ ಕೊಡು ಅಂದರು. ಜನ ಕಲಿಯಬೇಕಾಗಿಲ್ಲ, ನಾನು ತಿದ್ದಬೇಕು ಅಂದೆ. ಬೇರೆ ಮಿಷನ್ನು ಬಾಡಿಗೆಗೆ ಹಿಡಿದು ಆಷಾಢವೆಲ್ಲ ಕೂತೆ. ಕಾಲೇಜಿನಲ್ಲಿ ಅಂಕ ತಂದುಕೊಟ್ಟಿದ್ದ ಬಣ್ಣದ ನಕ್ಷೆಗಳನ್ನು ಅಳಿಸಿದೆ, ಅಂಗಡಿಯಲ್ಲಿ ಯಾರೂ ಅವನ್ನು ತೆರೆದು ನೋಡಿರಲಿಲ್ಲ. ಪರದೆಯ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಮಾಡಿದೆ. ತಾರೀಖಿಗಿಂತ ಮೊದಲು 'ಏನು ಕಾರ್ಯ?' ಎಂದು ಕೇಳುವಂತೆ ಮಾಡಿದೆ. ಮದುವೆ ಅಂದರೆ, ಬೀಗರೂಟ ಯಾವತ್ತು, ಎಲ್ಲಿ ಎಂದು ಕೇಳಬೇಕು. ಅದರ ಮಾರನೆಯ ದಿನವೂ ಸಾಮಾನು ಬರದಿದ್ದರೆ ಮಾತ್ರ ದಿನ ಎಣಿಸಬೇಕು. ಇನ್ನೊಂದು ಕೆಲಸ ಉಳಿದಿತ್ತು. ನಾಗಮಂಗಲದ ಅಂಗಡಿಯ ಹೆಸರು ಪ್ರೋಗ್ರಾಮಿನ ಒಳಗೇ ಬರೆದುಹೋಗಿತ್ತು. ಅದನ್ನು ಕಿತ್ತುಹಾಕಿದೆ.

ಶ್ರಾವಣದ ಮೊದಲ ಮದುವೆಯ ಬಿಲ್ಲನ್ನು ಯಾರೂ ಹಿಡಿದು ವಾಪಸ್ಸು ಬರಲಿಲ್ಲ. ಎರಡನೆಯದನ್ನೂ, ಮೂರನೆಯದನ್ನೂ. ಬೆಲೆ ತೀರಿಸಿಕೊಂಡು ಖಾಯಂ ಪ್ರತಿ ಹಾಕಿಕೊಡಲು ಹೋದ ದಿನ, ಹೊಸ ಫ್ಲಾಪಿ ಹಾಕಿದೊಡನೆ ಪರದೆಯ ಮೇಲೆ 'ಅಂಗಡಿ ಹೆಸರು?' ಎಂದು ಬಂತು.

"ಇಷ್ಟ್ ದಿನ ಇಲ್ಲೇ ಇದ್ದು ನಮ್ಮಂಗ್ಡಿ ಹೆಸ್ರು ಗೊತ್ತಿಲ್ವಾ ಇದ್ಕೆ?"

"ಯಾರಂಗ್ಡಿಗೆ ಹೋದ್ರೂ ಕೇಳ್ತದೆ ಯಜಮಾನ್ರೆ."

"ಯಾರಂಗ್ಡಿಗಾರ ಯಾಕೋಗ್ಬೇಕು? ತಪ್ಪು ಗೊತ್ತಾಗಿದ್ದು ನಮ್ಮಂಗ್ಡೀಲಿ, ಮರ್ವಾದೆ ಓಗಿದ್ದು ನಂದು. ಇನ್ನೊಂದಷ್ಟು ಜಾಸ್ತಿ ತಗೊ, ನಮಗೊಬ್ರಿಗೇ ಇರ್ಲಿ."

ಜಾಸ್ತಿ ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಆಸೆಯಾಗುತ್ತಿತ್ತೇನೋ. ಒಬ್ಬರಿಗೇ ಕೊಟ್ಟರೆ ಅದು ಮತ್ತೆ ಪ್ರಾಜೆಕ್ಟೇ, ಬೀರು ಬೇರೆ ಅಷ್ಟೆ.

"ಈ ಬಾಗ್ಲು ಮಾಡಿದ್ದು ನಮ್ಮಪ್ಪ," ಎಂದೆ. "ಇನ್ನ್ಯಾರಿಗೂ ಬಾಗ್ಲು ಮಾಡ್ಬೇಡ ಅಂತ ಅವ್ರಿಗೆ ಏಳಿದ್ರಾ?"

ಯಜಮಾನರು ಬಾಗಿಲು ನೋಡಿದರು, ನನ್ನನ್ನು ನೋಡಿದರು. ನಾನು ಫ್ಲಾಪಿ ಹೊರಗೆಳೆದು ಚೀಲಕ್ಕೆ ಹಾಕಿ ಎದ್ದು ನಿಂತೆ.

"ಕೂತ್ಕಳವ್ವ, ಕೂತ್ಕ. ಈಗೆಲ್ಲಿಗೋಗ್ತಿದ್ದೀಯ?"

"ಕೆ.ಆರ್.ಪೇಟೆಗೆ. ಅಲ್ಲೊಂದು ಅಂಗ್ಡಿಯವ್ರು ಬಾ ಅಂದವ್ರೆ."

"ಅವ್ರಿಗೂ ಇದೇ ರೇಟಾ?"

"ಇದೇ ರೇಟು."

"ಕಮ್ಮಿಗ್ ಕೊಟ್ಬುಟ್ಟೀಯ ಮತ್ತೆ," ಎಂದು ಗಲ್ಲಾಪೆಟ್ಟಿಗೆ ತೆಗೆದರು. ನಾನು ಕೂತು ಫ್ಲಾಪಿ ಮತ್ತೆ ಹಾಕಿದೆ. ಅಂಗಡಿಯ ಹೆಸರನ್ನು ಅವರೇ ಒಂದೊಂದೇ ಕೀಲಿ ಹುಡುಕಿ ಒತ್ತಿದರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರಿತ್ತು. ಅದನ್ನು ಅಳಿಸಲು ಯಾರಿಗೂ ಬರುತ್ತಿರಲಿಲ್ಲ.