ಮುನಿಗಂಗಮ್ಮನ ಕೆನ್ನೆಯ ಜಾತಿ

ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯ ಮುನಿಗಂಗಮ್ಮನ ಎಡಗೆನ್ನೆ ಮೇಲೆ ಹುಣ್ಣು ಕೂತು ಎರಡು ವರ್ಷವಾಗಿತ್ತು. ಊರಿನಲ್ಲಿ ವೈದ್ಯರಿಗೇನು ಬರವೇ? ಒಬ್ಬರು ಸುಣ್ಣ ಹಚ್ಚಿಸಿದರು, ಇನ್ನೊಬ್ಬರು ನಾಗರಕಲ್ಲಿಗೆ ಹಾಲೆರೆಸಿದರು. ಸುಣ್ಣವೂ ಹಾಲೂ ಮುಗಿದವು, ಹುಣ್ಣು ಮಾತ್ರ ಹಾಯಾಗಿ ಬೆಳೆಯಿತು. ಎಂಬತ್ತನಾಲ್ಕನೇ ಇಸವಿಯಲ್ಲಿ ಗಂಡ ದೊಡ್ಡವೆಂಕಟಪ್ಪ ಬಂಗಾರಪೇಟೆಯಲ್ಲಿ ರೈಲು ಹತ್ತಿಸಿ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದ. ಕ್ಯಾನ್ಸರ್ ಅಂದರು. ಬುಡಸಮೇತ ಕೊಯ್ದು, ಅವಳದೇ ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಕೆನ್ನೆಗೆ ಹೊಲಿದರು.

ಹೆಂಗಸು ಜೀವಂತ ವಾಪಸು ಬಂದಳು. ಊರಿಗೆ ಅಷ್ಟು ಸಾಲಲಿಲ್ಲ. ಕೆನ್ನೆಯ ತೇಪೆ ಬೇರೆ ಬಣ್ಣಕ್ಕಿದ್ದದ್ದೇ ತಡ, ಯಾರದೋ ಹೆಣದ ತೊಗಲಂತೆ ಎಂದು ನಲ್ಲಿಕಟ್ಟೆಯಲ್ಲಿ ತೀರ್ಮಾನವಾಯಿತು.

ಊರಮ್ಮನಿಗೆ ತಂಬಿಟ್ಟಿನ ದೀಪ ಹೊರುವ ದಿನ ಬಂತು. ಅತ್ತೆಯ ಕಾಲದಿಂದಲೂ ಮೊದಲ ದೀಪ ಇವರ ಮನೆಯದು. ಮುನಿಗಂಗಮ್ಮ ತಟ್ಟೆ ಹಿಡಿದು ಬಂದರೆ ಊರ ಯಜಮಾನ ಶ್ರೀರಾಮಪ್ಪ ಅಡ್ಡ ನಿಂತ.

"ಬ್ಯಾಸರ ಮಾಡ್ಕಾಬ್ಯಾಡ ಕಣಮ್ಮ. ಆ ತೊಗಲು ಯಾವ ಜಾತಿಯೋರ್ದೋ ಏನೋ. ಗೊತ್ತಾಗೋಗಂಟ ಮೊದ್ಲ ದೀಪ ನಮ್ ಸೊಸೆ ಒತ್ಕೊಳ್ಲಿ."

ಪಾಪ, ಆ ಸೊಸೆಯೂ ಹೊಸ ಸೀರೆ ಉಟ್ಟು, ದೀಪ ಹಚ್ಚಿಕೊಂಡು, ಏನೂ ಅರಿಯದವಳಂತೆ ಪಕ್ಕದಲ್ಲೇ ನಿಂತಿದ್ದಳು.

"ನನ್ ತೊಡೇದೇ ಯಜಮಾನ್ರೇ," ಎಂದಳು ಮುನಿಗಂಗಮ್ಮ.

ದೊಡ್ಡವೆಂಕಟಪ್ಪ ಜೇಬಿನಿಂದ ಆಸ್ಪತ್ರೆಯ ಚೀಟಿ ತೆಗೆದುಕೊಟ್ಟ. ಇಂಗ್ಲಿಷಿನ ಒಂದಕ್ಷರ ಬಾರದ ಯಜಮಾನ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದ್ರಾಗೆ ಜಾತಿ ಬರ್ದಿಲ್ವಲ್ಲಪ್ಪ. ತೊಡೇದು ಅಂತ ಇವ್ಳು ಏಳ್ತಾಳೆ. ನಾವೇನು ಕಂಡ್ವಾ?"

ದೊಡ್ಡವೆಂಕಟಪ್ಪ ತನ್ನ ಕಾಲ್ಬೆರಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಇಂಥ ಹೊತ್ತಿನಲ್ಲಿ ಗಂಡಂದಿರಿಗೆ ಅದೊಂದು ಕೆಲಸ ಇದ್ದೇ ಇರುತ್ತದೆ.

ಮುನಿಗಂಗಮ್ಮ ತಟ್ಟೆ ಕೆಳಗಿಟ್ಟಳು.

"ಕಂಡ್ರೇನೇ ನಂಬ್ತೀರಾ? ಆಗ್ಲಿ. ತೊಡೆ ಮ್ಯಾಗೆ ಗಾಯದ್ ಗುರ್ತು ಇನ್ನೂ ಐತೆ, ಊರೋರೆಲ್ಲ ನೋಡ್ಕಳಿ. ದೊಡ್ಡೋರು ನೀವು, ಮೊದ್ಲು ನೀವೇ ಬನ್ನಿ," ಎಂದು ಬಗ್ಗಿ ಸೀರೆಯ ಅಂಚು ಹಿಡಿದು ಮೊಣಕಾಲವರೆಗೆ ಎತ್ತಿದಳು.

ಮೂರು ತಿಂಗಳಿಂದ ಅವಳ ಕೆನ್ನೆಯನ್ನೇ ನುಂಗುವಂತೆ ನೋಡುತ್ತಿದ್ದ ಊರಿಗೆ ಈಗ ಕಣ್ಣಿಡಲು ಜಾಗವಿಲ್ಲದಾಯಿತು. ಯಜಮಾನ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಬ್ಯಾಡ ತಾಯಿ, ಇಳ್ಸು. ಒತ್ತಾಯ್ತು, ದೀಪ ಎತ್ಕ."

ಮುನಿಗಂಗಮ್ಮ ಸೀರೆ ಇಳಿಸಿದಳು. ಗೆದ್ದ ಖುಷಿ ಎಲ್ಲಿಯದು? ದೀಪ ತಲೆಗೇರಿಸುವ ಮುನ್ನ ಬಲಗೆನ್ನೆಯ ಕಣ್ಣೀರು ಒರೆಸಿಕೊಂಡಳು. ಎಡಗಡೆಯದು ಹಾಗೇ ಇಳಿಯುತ್ತಿತ್ತು. ಹೊಲಿದ ಚರ್ಮಕ್ಕೆ ಇನ್ನೂ ಸ್ಪರ್ಶ ಬಂದಿರಲಿಲ್ಲ, ಅವಳಿಗೆ ಅದು ಗೊತ್ತೇ ಆಗಲಿಲ್ಲ.